ಪೆನ್‌ಫ್ರೆಂಡ್ ಇಟ್ಕೊಂಡು ಭಾಷೆ ಕಲಿಯೋದು: 1896ರ ಐಡಿಯಾ, ನಮ್ಮ ಹಾಸ್ಟೆಲ್‌ಗೂ ಆಗುತ್ತೆ

ಹತ್ತನೇ ಕ್ಲಾಸ್ ಮುಗಿಯೋ ಹೊತ್ತಿಗೆ ನೀವು ಎಷ್ಟು ಪತ್ರ ಬರೆದಿದ್ರಿ ಅಂತ ಒಂದ್ಸಲ ಲೆಕ್ಕ ಹಾಕಿ. ಎರಡು ದಿನ ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ. ಶಾಲಾ ಪ್ರವಾಸಕ್ಕೆ ದುಡ್ಡು ಕಳಿಸಿ ಅಂತ ತೀರ್ಥರೂಪು ತಂದೆಯವರಿಗೆ. ಬೀದಿ ದೀಪ ಉರೀತಿಲ್ಲ ಅಂತ ನಗರಸಭೆಗೆ. ಅಕ್ಕನ ಮದುವೆಗೆ ಬಾ ಅಂತ ಯಾವುದೋ ಊರಿನ ಗೆಳೆಯನಿಗೆ. ಕನ್ನಡದಲ್ಲಿ ಒಂದಷ್ಟು, ಇಂಗ್ಲಿಷಿನಲ್ಲಿ ಒಂದಷ್ಟು, ಕೆಲವರಿಗೆ ಹಿಂದಿಯಲ್ಲೂ ಒಂದಷ್ಟು. ಇದರಲ್ಲಿ ಅಂಚೆ ಡಬ್ಬಕ್ಕೆ ಬಿದ್ದಿದ್ದು ಎಷ್ಟು? ನನ್ನ ಮಟ್ಟಿಗೆ ಸೊನ್ನೆ. ‘ಉಭಯ ಕುಶಲೋಪರಿ ಸಾಂಪ್ರತ’ ಅಂತ ಬರೆದು ಐದಕ್ಕೆ ನಾಲ್ಕು ಮಾರ್ಕ್ಸ್ ತಗೊಂಡ್ವಿ. ಹಾಗಂದ್ರೆ ಏನು ಅಂತ ಯಾರೂ ಕೇಳಲಿಲ್ಲ. ಆ ಪತ್ರಗಳನ್ನು ಓದಿದ್ದು ಪರೀಕ್ಷಕರು ಮಾತ್ರ, ಅವರೂ ಉತ್ತರ ಬರೆಯಲ್ಲ.

ಈಗ ಅದೇ ನಾವು ಜರ್ಮನ್ ಎ1 ಕ್ಲಾಸಿಗೆ ಸೇರಿದ್ದೀವಿ, ಜಪಾನೀಸ್ ಎನ್5 ಪುಸ್ತಕ ಪಿಡಿಎಫ್ ಮಾಡಿಟ್ಕೊಂಡಿದ್ದೀವಿ, ಫೋನಿನಲ್ಲಿ ಹಸಿರು ಗೂಬೆ ದಿನಾ ಸಂಜೆ ನೆನಪು ಮಾಡುತ್ತೆ. ಅಲ್ಲೂ ಅದೇ ಕಥೆ. ನಾವು ಬರೆಯೋ ವಾಕ್ಯಕ್ಕೆ ಆ ಕಡೆ ಯಾರೂ ಇಲ್ಲ. ಈ ಲೇಖನ ಆ ಕಡೆ ಒಬ್ಬ ಮನುಷ್ಯನನ್ನು ಕೂರಿಸೋ ಒಂದು ಹಳೇ ಪದ್ಧತಿಯ ಬಗ್ಗೆ. ಶಾಲಾ ಮಕ್ಕಳಿಗೆ ಬೇರೆ ದೇಶದ ಪತ್ರಮಿತ್ರರನ್ನು ಹುಡುಕಿಕೊಟ್ಟು ಭಾಷೆ ಕಲಿಸೋದು. ಇದು ಎಲ್ಲಿ ಶುರುವಾಯ್ತು, ಯಾಕೆ ಕೆಲಸ ಮಾಡುತ್ತೆ, ಎಲ್ಲಿ ಕೈ ಕೊಡುತ್ತೆ, ನಮಗೇನು ಉಪಯೋಗ, ಇಷ್ಟನ್ನು ನೋಡೋಣ.

ಫ್ರಾನ್ಸಿನ ಒಬ್ಬ ಇಂಗ್ಲಿಷ್ ಮೇಷ್ಟ್ರು

1896. ದಕ್ಷಿಣ ಫ್ರಾನ್ಸಿನ ದ್ರಗಿನ್ಯಾಂ ಅನ್ನೋ ಊರು. ಅಲ್ಲಿ ಪಾಲ್ ಮಿಯೆಯ್ ಅಂತ ಒಬ್ಬರು ಇಂಗ್ಲಿಷ್ ಮೇಷ್ಟ್ರು. ಆಗಿನ ಕಾಲದ ಭಾಷಾ ಪಾಠ ಅಂದ್ರೆ ವ್ಯಾಕರಣದ ಕೋಷ್ಟಕ ಬಾಯಿಪಾಠ ಮಾಡೋದು, ವಾಕ್ಯಗಳನ್ನು ಆ ಕಡೆಯಿಂದ ಈ ಕಡೆಗೆ ಅನುವಾದ ಮಾಡೋದು. ಸತ್ತ ಲ್ಯಾಟಿನ್ ಭಾಷೆ ಹೇಗೆ ಕಲಿಸ್ತಿದ್ರೋ ಹಾಗೇ ಬದುಕಿರೋ ಇಂಗ್ಲಿಷನ್ನೂ ಕಲಿಸ್ತಿದ್ರು. ಹುಡುಗರಿಗೆ ತಾವು ಕಲೀತಿರೋ ಭಾಷೆ ಆಡೋ ಒಬ್ಬ ಮನುಷ್ಯನೂ ಸಿಕ್ಕದೆ ಓದು ಮುಗಿದುಹೋಗ್ತಿತ್ತು.

ಮಿಯೆಯ್ ಅವರ ಯೋಚನೆ ಬಹಳ ಸರಳ. ನಮ್ಮ ಹುಡುಗರು ಇಂಗ್ಲಿಷ್ ಕಲೀತಿದ್ದಾರೆ. ಇಂಗ್ಲೆಂಡಿನಲ್ಲಿ ಇದೇ ವಯಸ್ಸಿನ ಮಕ್ಕಳು ಫ್ರೆಂಚ್ ಕಲೀತಿದ್ದಾರೆ. ಇಬ್ಬರ ಹತ್ರಾನೂ ಇನ್ನೊಬ್ಬರಿಗೆ ಬೇಕಾದ್ದು ಇದೆ. ಒಬ್ಬೊಬ್ಬರನ್ನು ಜೋಡಿ ಮಾಡಿ ಪತ್ರ ಬರೆಸಿದರೆ? ಲಂಡನ್ನಿನಲ್ಲಿ ‘ರಿವ್ಯೂ ಆಫ್ ರಿವ್ಯೂಸ್’ ಪತ್ರಿಕೆ ನಡೆಸ್ತಿದ್ದ ಡಬ್ಲ್ಯೂ. ಟಿ. ಸ್ಟೆಡ್ ಈ ಐಡಿಯಾ ಹಿಡಿದುಕೊಂಡು 1897ರಲ್ಲಿ ತಮ್ಮ ಪತ್ರಿಕೆಯಲ್ಲಿ ಪ್ರಚಾರ ಮಾಡಿದರು. (ಇವರೇ ಮುಂದೆ 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ತೀರಿಹೋದ ಪತ್ರಕರ್ತ ಸ್ಟೆಡ್.) ಜರ್ಮನಿಯ ಲೈಪ್ಜಿಗ್‌ನಲ್ಲಿ ಮಾರ್ಟಿನ್ ಹಾರ್ಟ್‌ಮನ್ ಅನ್ನೋ ಶಿಕ್ಷಕರು ಜರ್ಮನ್ ಮಕ್ಕಳಿಗೆ ಜೋಡಿ ಹುಡುಕೋ ಕೇಂದ್ರ ತೆರೆದರು. ಅಮೆರಿಕದಲ್ಲಿ ಸ್ವಾರ್ತ್‌ಮೋರ್ ಕಾಲೇಜಿನ ಎಡ್ವರ್ಡ್ ಮೆಗಿಲ್ ಇದೇ ಕೆಲಸ ಕೈಗೆತ್ತಿಕೊಂಡರು. ಇಂಟರ್ನೆಟ್ ಬರೋಕೆ ನೂರು ವರ್ಷ ಮುಂಚೆ ಇವರೆಲ್ಲ ಕೈಯಲ್ಲೇ ಪಟ್ಟಿ ಇಟ್ಟುಕೊಂಡು ಮ್ಯಾಚಿಂಗ್ ಅಲ್ಗಾರಿದಮ್ ಓಡಿಸ್ತಿದ್ರು ಅನ್ನಬಹುದು.

ಇದು ಅದೇ ಕಾಲಕ್ಕೆ ಯಾಕೆ ಹುಟ್ಟಿತು ಅನ್ನೋದಕ್ಕೂ ಕಾರಣ ಇದೆ. 1874ರವರೆಗೆ ಬೇರೆ ದೇಶಕ್ಕೆ ಪತ್ರ ಕಳಿಸೋದು ತಲೆನೋವಿನ ಕೆಲಸ. ಪ್ರತಿ ಎರಡು ದೇಶಗಳ ನಡುವೆ ಬೇರೆ ಬೇರೆ ಒಪ್ಪಂದ, ಬೇರೆ ಬೇರೆ ದರ, ದಾರಿಯಲ್ಲಿ ಬರೋ ದೇಶಕ್ಕೂ ಪಾಲು. ಆ ವರ್ಷ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಂಚೆ ಒಕ್ಕೂಟ ಹುಟ್ಟಿತು. ಈಗ ಅದರ ಹೆಸರು ಯೂನಿವರ್ಸಲ್ ಪೋಸ್ಟಲ್ ಯೂನಿಯನ್. ಸದಸ್ಯ ದೇಶಗಳೆಲ್ಲ ಸೇರಿ ಅಂಚೆಗೆ ಒಂದೇ ಪ್ರದೇಶ ಇದ್ದ ಹಾಗೆ, ದರವೂ ಹೆಚ್ಚು ಕಡಿಮೆ ಒಂದೇ ಥರ. ಭಾರತ 1876ರಲ್ಲೇ ಸೇರಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಒಂದು ಸ್ಟ್ಯಾಂಡರ್ಡ್ ಪ್ರೋಟೋಕಾಲ್. ಪ್ರೋಟೋಕಾಲ್ ಬಂದಮೇಲೆ ಅದರ ಮೇಲೆ ಅಪ್ಲಿಕೇಶನ್‌ಗಳು ಹುಟ್ಟುತ್ತವೆ. ಶಾಲಾ ಪತ್ರಮೈತ್ರಿ ಅಂಥ ಒಂದು ಅಪ್ಲಿಕೇಶನ್.

ಒಂದು ಪತ್ರ ನಿಮ್ಮ ಭಾಷೇಲಿ, ಒಂದು ನನ್ನ ಭಾಷೇಲಿ

ಈ ಪದ್ಧತಿಯ ಜೀವಾಳ ಇರೋದು ಒಂದು ನಿಯಮದಲ್ಲಿ. ಒಂದು ಪತ್ರ ಕಲೀತಿರೋ ಭಾಷೆಯಲ್ಲಿ ಬರೀಬೇಕು, ಇನ್ನೊಂದು ತನ್ನ ಭಾಷೆಯಲ್ಲಿ. ಜೊತೆಗೆ, ಗೆಳೆಯ ಬರೆದ ಪತ್ರದಲ್ಲಿನ ತಪ್ಪು ತಿದ್ದಿ ಕಳಿಸಬೇಕು.

ಮೊದಲ ಸಲ ಕೇಳಿದಾಗ ‘ಕಲಿಯೋದು ಇಂಗ್ಲಿಷ್ ಆದ್ರೆ ಎಲ್ಲಾ ಪತ್ರಾನೂ ಇಂಗ್ಲಿಷಿನಲ್ಲೇ ಬರೀಬೇಕಲ್ವಾ, ಅರ್ಧ ಯಾಕೆ ವೇಸ್ಟ್?’ ಅನಿಸುತ್ತೆ. ಆದರೆ ಲೆಕ್ಕ ನೋಡಿ. ಫ್ರೆಂಚ್ ಹುಡುಗ ಇಂಗ್ಲಿಷಿನಲ್ಲಿ ಬರೆದಾಗ ಅವನಿಗೆ ಬರವಣಿಗೆಯ ಅಭ್ಯಾಸ, ತಿದ್ದಿ ಬಂದಾಗ ತಪ್ಪಿನ ಅರಿವು. ಅವನೇ ಫ್ರೆಂಚ್‌ನಲ್ಲಿ ಬರೆದಾಗ ಇಂಗ್ಲಿಷ್ ಹುಡುಗನಿಗೆ ಒಳ್ಳೇ ಫ್ರೆಂಚ್‌ನ ಮಾದರಿ ಸಿಗುತ್ತೆ. ಅದೂ ಪಠ್ಯಪುಸ್ತಕದ ಫ್ರೆಂಚ್ ಅಲ್ಲ, ಹದಿನಾಲ್ಕು ವರ್ಷದವರು ನಿಜವಾಗಿ ಬಳಸೋ ಫ್ರೆಂಚ್. ಇಂಗ್ಲಿಷ್ ಹುಡುಗನೂ ಹೀಗೇ ಮಾಡ್ತಾನೆ. ಅಂದ್ರೆ ಇಬ್ಬರೂ ಸರದಿಯ ಮೇಲೆ ಮೇಷ್ಟ್ರು, ಸರದಿಯ ಮೇಲೆ ವಿದ್ಯಾರ್ಥಿ. ಯಾರೂ ಯಾರಿಗೂ ಉಪಕಾರ ಮಾಡ್ತಿಲ್ಲ, ಫೀಸೂ ಕೊಡಬೇಕಿಲ್ಲ. ಬಾರ್ಟರ್ ಪದ್ಧತಿ.

ಇನ್ನೊಂದು ಲಾಭವೂ ಇದೆ. ನಿಮ್ಮ ಗೆಳೆಯ ನಿಮ್ಮ ಭಾಷೆಯಲ್ಲಿ ತಪ್ಪು ತಪ್ಪಾಗಿ ಬರೆದಿದ್ದನ್ನು ನೋಡಿದ್ರೆ, ನೀವು ಅವನ ಭಾಷೆಯಲ್ಲಿ ತಪ್ಪು ಮಾಡೋಕೆ ಇರೋ ನಾಚಿಕೆ ಅರ್ಧ ಕಡಿಮೆ ಆಗುತ್ತೆ.

ಉತ್ತರದ ಖರ್ಚು ಮತ್ತು ಪಾಂಜಿ ಸಾಹೇಬರು

ಒಂದು ಚಿಕ್ಕ ತೊಡಕು ಇತ್ತು. ಬೇರೆ ದೇಶದ ಗೆಳೆಯನಿಗೆ ಪತ್ರದ ಜೊತೆ ಉತ್ತರಕ್ಕೂ ಸ್ಟಾಂಪ್ ಕಳಿಸೋಣ ಅಂದ್ರೆ ನಮ್ಮ ದೇಶದ ಸ್ಟಾಂಪ್ ಅಲ್ಲಿ ನಡೆಯಲ್ಲ. ಇದಕ್ಕೆ 1906ರ ರೋಮ್ ಅಂಚೆ ಸಮ್ಮೇಳನದಲ್ಲಿ ಪರಿಹಾರ ಕಂಡುಕೊಂಡರು. ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್. ನಮ್ಮೂರಲ್ಲಿ ಕೂಪನ್ ತಗೊಂಡು ಪತ್ರದೊಳಗೆ ಇಟ್ಟು ಕಳಿಸಿದರೆ, ಅಲ್ಲಿನ ಅಂಚೆ ಕಚೇರಿ ಅದನ್ನು ತಗೊಂಡು ವಾಪಸ್ ಪತ್ರಕ್ಕೆ ಸ್ಟಾಂಪ್ ಕೊಡ್ತಿತ್ತು.

ಈ ಕೂಪನ್ ಹೆಸರು ಎಲ್ಲೋ ಕೇಳಿದ ಹಾಗಿದೆ ಅನಿಸಿದರೆ ಸರಿಯಾಗೇ ಇದೆ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ ಅನ್ನೋ ಮಹಾಶಯ, ಇಟಲಿಯಲ್ಲಿ ಅಗ್ಗಕ್ಕೆ ಕೂಪನ್ ಕೊಂಡು ಅಮೆರಿಕದಲ್ಲಿ ಜಾಸ್ತಿ ಬೆಲೆಯ ಸ್ಟಾಂಪ್‌ಗೆ ಬದಲಾಯಿಸಿ ಲಾಭ ಮಾಡ್ತೀನಿ, 45 ದಿನದಲ್ಲಿ ಶೇಕಡ 50 ಲಾಭ ಕೊಡ್ತೀನಿ ಅಂತ ಜನರ ದುಡ್ಡು ಬಾಚಿದ. ಅವನು ಹೇಳಿದ ವ್ಯಾಪಾರ ನಿಜ ಆಗಬೇಕಿದ್ರೆ ಸುಮಾರು 16 ಕೋಟಿ ಕೂಪನ್ ಬೇಕಿತ್ತು, ಚಲಾವಣೆಯಲ್ಲಿ ಇದ್ದಿದ್ದು ಸುಮಾರು 27,000 ಅಂತ ಪತ್ರಿಕೆಯವರು ಲೆಕ್ಕ ಹಾಕಿದಾಗ ಬಣ್ಣ ಬಯಲಾಯ್ತು. ಹೊಸಬರ ದುಡ್ಡು ತಗೊಂಡು ಹಳಬರಿಗೆ ಕೊಡೋ ಮೋಸಕ್ಕೆ ಇವತ್ತಿಗೂ ಪಾಂಜಿ ಸ್ಕೀಮ್ ಅಂತಲೇ ಹೆಸರು. ಗೆಳೆಯನ ಉತ್ತರಕ್ಕೆ ಅಂತ ಮಾಡಿದ ಕೂಪನ್ನಿಗೆ ಈ ಗತಿ.

ಆಮ್‌ಸ್ಟರ್‌ಡ್ಯಾಮಿನಿಂದ ಬಂದ ಒಂದೇ ಪತ್ರ

ಶಾಲಾ ಪತ್ರಮೈತ್ರಿಯ ಕಥೆಯಲ್ಲಿ ಬಿಡೋಕಾಗದ ಒಂದು ಘಟನೆ ಇದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಡ್ಯಾನ್‌ವಿಲ್ ಅನ್ನೋ ಪುಟ್ಟ ಊರು. ಅಲ್ಲಿನ ಶಿಕ್ಷಕಿ ಬರ್ಡಿ ಮ್ಯಾಥ್ಯೂಸ್ ತಮ್ಮ ಮಕ್ಕಳಿಗೆ ಬೇರೆ ದೇಶದ ಮಕ್ಕಳ ಹೆಸರಿನ ಪಟ್ಟಿ ತಂದುಕೊಟ್ಟು ಪತ್ರ ಬರೆಸ್ತಿದ್ರು. 1940ರಲ್ಲಿ ಹ್ವಾನಿಟಾ ವ್ಯಾಗ್ನರ್ ಅನ್ನೋ ಹುಡುಗಿ ಆ ಪಟ್ಟಿಯಿಂದ ತನ್ನದೇ ವಯಸ್ಸಿನ ಒಂದು ಹೆಸರು ಆರಿಸಿಕೊಂಡಳು. ಆ ಹೆಸರು ಆನ್ ಫ್ರಾಂಕ್. ಆಮ್‌ಸ್ಟರ್‌ಡ್ಯಾಮಿನಿಂದ ಉತ್ತರ ಬಂತು, 1940ರ ಏಪ್ರಿಲ್ 29ರ ತಾರೀಕಿನದ್ದು, ಇಂಗ್ಲಿಷಿನಲ್ಲಿ. ಜೊತೆಗೆ ಹ್ವಾನಿಟಾಳ ಅಕ್ಕ ಬೆಟ್ಟಿ ಆನ್‌ಗೆ ಆನ್‌ಳ ಅಕ್ಕ ಮಾರ್ಗಟ್ ಬರೆದ ಪತ್ರ.

ಹನ್ನೊಂದು ದಿನ ಕಳೆದು ಮೇ 10ಕ್ಕೆ ಹಿಟ್ಲರನ ಸೈನ್ಯ ನೆದರ್ಲೆಂಡ್ಸಿನೊಳಗೆ ನುಗ್ಗಿತು. ಅಯೋವಾದ ಅಕ್ಕತಂಗಿ ಬರೆದ ಪತ್ರಕ್ಕೆ ಮತ್ತೆ ಉತ್ತರ ಬರಲಿಲ್ಲ. ಯುದ್ಧ ಮುಗಿದ ಮೇಲೆ ಬೆಟ್ಟಿ ಆನ್ ಅದೇ ವಿಳಾಸಕ್ಕೆ ಮತ್ತೆ ಬರೆದಳು. ಆಗ ಉತ್ತರ ಬರೆದಿದ್ದು ಅಪ್ಪ ಓಟೋ ಫ್ರಾಂಕ್. ಹೆಣ್ಣುಮಕ್ಕಳಿಬ್ಬರೂ ಉಳಿದಿರಲಿಲ್ಲ. ತಾವು ಪತ್ರ ಬರೆದ ಹುಡುಗಿ ಯಹೂದಿ ಅನ್ನೋದೂ ಅಕ್ಕತಂಗಿಗೆ ಗೊತ್ತಾಗಿದ್ದು ಆಗಲೇ.

ಭಾಷೆಯ ವಿಷಯಕ್ಕೆ ಬಂದ್ರೆ ಇಲ್ಲೊಂದು ಗಮನಿಸೋ ಅಂಶ ಇದೆ. ಆಗ ಆನ್‌ಗೆ ಹತ್ತು ವರ್ಷ, ಇಂಗ್ಲಿಷ್ ಬರ್ತಿರಲಿಲ್ಲ. ಅವಳು ಡಚ್‌ನಲ್ಲಿ ಬರೆದಿದ್ದನ್ನು ಅಪ್ಪ ಇಂಗ್ಲಿಷಿಗೆ ಮಾಡಿಕೊಟ್ಟು, ಅದನ್ನು ಅವಳು ನಕಲು ಮಾಡಿರಬೇಕು ಅಂತ ತಿಳಿದವರು ಹೇಳ್ತಾರೆ. ಸ್ನೇಹಕ್ಕೆ ಅದು ಧಾರಾಳ ಸಾಕು. ಭಾಷೆ ಕಲಿಯೋಕೆ ಸಾಕಾ? ಈ ಪ್ರಶ್ನೆ ಇಟ್ಕೊಂಡಿರಿ, ಈಗ ಅಪ್ಪನ ಜಾಗದಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಮತ್ತು ಚಾಟ್‌ಜಿಪಿಟಿ ಇವೆ. ಅದಕ್ಕೆ ಮುಂದೆ ಬರ್ತೀನಿ.

ಎಲ್ಲಾ ಅರ್ಥ ಆಗುತ್ತೆ, ಬರೆಯೋಕೆ ಕೂತ್ರೆ ಬರಲ್ಲ

ಈಗ ‘ಯಾಕೆ ಕೆಲಸ ಮಾಡುತ್ತೆ’ ಅನ್ನೋ ಭಾಗ. ಇದಕ್ಕೆ ಕೆನಡಾಕ್ಕೆ ಹೋಗಬೇಕು.

ಕೆನಡಾದಲ್ಲಿ 1965ರಿಂದ ಫ್ರೆಂಚ್ ಇಮ್ಮರ್ಶನ್ ಶಾಲೆಗಳಿವೆ. ಮನೆಯಲ್ಲಿ ಇಂಗ್ಲಿಷ್ ಮಾತಾಡೋ ಮಕ್ಕಳಿಗೆ ಒಂದನೇ ಕ್ಲಾಸಿಗಿಂತ ಮೊದಲಿಂದಲೇ ಗಣಿತ, ವಿಜ್ಞಾನ ಎಲ್ಲಾ ಫ್ರೆಂಚ್‌ನಲ್ಲೇ ಪಾಠ. ವರ್ಷಗಟ್ಟಲೆ, ದಿನಾ ಗಂಟೆಗಟ್ಟಲೆ ಫ್ರೆಂಚ್ ಕಿವಿಗೆ ಬೀಳುತ್ತೆ. ಮೆರಿಲ್ ಸ್ವೇನ್ ಅನ್ನೋ ಭಾಷಾತಜ್ಞೆ ಈ ಮಕ್ಕಳನ್ನು ನೋಡಿದರು. ಕೇಳಿ ಅರ್ಥ ಮಾಡಿಕೊಳ್ಳೋದರಲ್ಲಿ, ಓದೋದರಲ್ಲಿ ಅವರು ಫ್ರೆಂಚ್ ಮನೆಮಾತಿನ ಮಕ್ಕಳ ಹತ್ತಿರಕ್ಕೆ ಬಂದಿದ್ದರು. ಆದರೆ ಮಾತಾಡೋದು, ಬರೆಯೋದರಲ್ಲಿ ವ್ಯಾಕರಣ ತುಂಬಾ ಹಿಂದೆ. 1985ರಲ್ಲಿ ಸ್ವೇನ್ ಇದಕ್ಕೊಂದು ವಿವರಣೆ ಕೊಟ್ಟರು. ಕೇಳೋದು, ಓದೋದು ಮಾತ್ರ ಸಾಲಲ್ಲ, ನಾವೇ ಭಾಷೆಯನ್ನು ಹೊರಗೆ ಹಾಕಬೇಕು, ಅದೂ ಇನ್ನೊಬ್ಬರಿಗೆ ನಿಖರವಾಗಿ ಅರ್ಥ ಆಗೋ ಹಾಗೆ. ಇದಕ್ಕೆ ಔಟ್‌ಪುಟ್ ಹೈಪಾಥಿಸಿಸ್ ಅಂತ ಹೆಸರು.

ಇದನ್ನ ಓದಿದಾಗ ನನಗೆ ಕೆನಡಾದ ಮಕ್ಕಳಿಗಿಂತ ಮೊದಲು ನೆನಪಾಗಿದ್ದು ನಾವೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಕನ್ನಡದ ಹುಡುಗರು. ಮನೆಯಲ್ಲಿ ಕನ್ನಡ, ಸಿನಿಮಾ ಕನ್ನಡ, ಬೈಗುಳ ಕನ್ನಡ. ಅಜ್ಜಿ ಹೇಳೋ ಗಾದೆ ಅರ್ಥ ಆಗುತ್ತೆ, ಪೇಪರ್ ಓದಿದ್ರೆ ಅರ್ಥ ಆಗುತ್ತೆ. ಆದರೆ ಒಂದು ಪುಟ ಕನ್ನಡದಲ್ಲಿ ಬರೀರಿ ಅಂದ್ರೆ ಪೆನ್ನು ನಿಂತುಹೋಗುತ್ತೆ. ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ. ಇನ್‌ಪುಟ್ ಹತ್ತೊಂಬತ್ತು ವರ್ಷದ್ದಿದೆ, ಔಟ್‌ಪುಟ್ ಪೋರ್ಟ್ ಮಾತ್ರ ಯಾರೂ ಬಳಸಿಲ್ಲ.

ಹೊರಗೆ ಹಾಕಿದಾಗ ಏನಾಗುತ್ತೆ? ಮೊದಲನೇದು, ಏನು ಗೊತ್ತಿಲ್ಲ ಅನ್ನೋದು ಗೊತ್ತಾಗುತ್ತೆ. ಜರ್ಮನ್ ವಾಕ್ಯ ಓದುವಾಗ ಕ್ರಿಯಾಪದ ಎಲ್ಲಿದ್ರೂ ಅರ್ಥ ಆಗಿಬಿಡುತ್ತೆ, ಆದ್ದರಿಂದ ಗಮನಿಸೋದೇ ಇಲ್ಲ. ಬರೆಯುವಾಗ ಎಲ್ಲಿಡಬೇಕು ಅಂತ ನಿರ್ಧಾರ ಮಾಡಲೇಬೇಕು. ‘ಇಷ್ ಲೆರ್ನೆ ಡಾಯ್ಚ್’ ಅಂದ್ರೆ ನಾನು ಜರ್ಮನ್ ಕಲೀತೀನಿ, ಕ್ರಿಯಾಪದ ಎರಡನೇ ಜಾಗದಲ್ಲಿ. ‘ವೈಲ್’ ಅಂದ್ರೆ ಯಾಕಂದ್ರೆ. ಅದು ಸೇರಿದ ಕೂಡಲೇ ‘ವೈಲ್ ಇಷ್ ಡಾಯ್ಚ್ ಲೆರ್ನೆ’, ಕ್ರಿಯಾಪದ ಕೊನೆಗೆ ಹೋಯ್ತು. ಇಂಗ್ಲಿಷ್ ಮೂಲಕ ಯೋಚಿಸಿದರೆ ಇದು ವಿಚಿತ್ರ. ಕನ್ನಡದ ಮೂಲಕ ಯೋಚಿಸಿದರೆ ‘ನಾನು ಜರ್ಮನ್ ಕಲಿಯೋದರಿಂದ’, ನಮಗೆ ಕ್ರಿಯಾಪದ ಕೊನೆಯಲ್ಲೇ ಇರೋದು. ಇದು ಬರೆದಾಗ ಮಾತ್ರ ಹೊಳೆಯೋ ವಿಷಯ.

ಎರಡನೇದು, ಊಹೆ ಮಾಡಿ ಪರೀಕ್ಷೆ ಮಾಡಬಹುದು. ಹೀಗೆ ಬರೀಬಹುದೇನೋ ಅಂತ ಒಂದು ವಾಕ್ಯ ಕಳಿಸ್ತೀರಿ, ಗೆಳೆಯ ತಿದ್ದಿ ಕಳಿಸ್ತಾನೆ. ಕೋಡ್ ಬರೆದು ಕಂಪೈಲ್ ಮಾಡಿದ ಹಾಗೆ. ವ್ಯತ್ಯಾಸ ಏನಂದ್ರೆ ಈ ಕಂಪೈಲರ್ ತಪ್ಪಿದ್ರೂ ಅರ್ಥ ಮಾಡ್ಕೊಳ್ಳುತ್ತೆ, ಆಮೇಲೆ ಎರರ್ ಹೇಳುತ್ತೆ.

ಮೂರನೇದು, ಓದೋರು ಯಾರು ಅಂತ ಯೋಚಿಸಬೇಕಾಗುತ್ತೆ. ಜರ್ಮನ್‌ನಲ್ಲಿ ‘ಡು’ ಅಂದ್ರೆ ನೀನು, ‘ಝೀ’ ಅಂದ್ರೆ ನೀವು. ವರ್ಕ್‌ಬುಕ್ಕಿನ ಖಾಲಿ ಜಾಗ ತುಂಬುವಾಗ ಯಾವುದಾದ್ರೂ ನಡೆಯುತ್ತೆ. ನಿಮ್ಮ ವಯಸ್ಸಿನ ಗೆಳತಿಗೆ ‘ಝೀ’ ಅಂತ ಬರೆದ್ರೆ ಅವಳು ನಗ್ತಾಳೆ, ಅವಳ ಪ್ರೊಫೆಸರ್‌ಗೆ ‘ಡು’ ಅಂತ ಬರೆದ್ರೆ ಅವರು ನಗಲ್ಲ. ಜಪಾನೀಸ್‌ನಲ್ಲಿ ಪತ್ರ ಅಂದ್ರೆ ಋತುವಿನ ಬಗ್ಗೆ ಎರಡು ಮಾತು ಹೇಳಿ ಶುರು ಮಾಡೋ ಸಂಪ್ರದಾಯ ಇದೆ. ಮಳೆ ಬಗ್ಗೆ ಮಾತಾಡದೆ ನೇರ ವಿಷಯಕ್ಕೆ ಬಂದ್ರೆ ಒರಟು ಅನಿಸುತ್ತೆ. ಇವೆಲ್ಲ ವ್ಯಾಕರಣದ ತಪ್ಪುಗಳಲ್ಲ, ಮನುಷ್ಯರ ನಡುವಿನ ಲೆಕ್ಕಾಚಾರ.

ಹಾಗಾದ್ರೆ ನೇರವಾಗಿ ವಿಡಿಯೋ ಕಾಲ್ ಮಾಡಬಹುದಲ್ಲ, ಪತ್ರ ಯಾಕೆ? ಕಾಲ್‌ನಲ್ಲಿ ಯೋಚಿಸೋಕೆ ಎರಡು ಸೆಕೆಂಡ್ ಇರುತ್ತೆ. ಗೊತ್ತಿರೋ ನಾಲ್ಕು ವಾಕ್ಯಾನೇ ತಿರುಗಿಸಿ ಮುರುಗಿಸಿ ಹೇಳ್ತೀವಿ, ಸಿಕ್ಕಿಹಾಕ್ಕೊಂಡ್ರೆ ಇಂಗ್ಲಿಷಿಗೆ ಹಾರ್ತೀವಿ. ಪತ್ರದಲ್ಲಿ ಡಿಕ್ಷನರಿ ನೋಡಬಹುದು, ಅಳಿಸಿ ಮತ್ತೆ ಬರೀಬಹುದು, ಬಂದ ಉತ್ತರವನ್ನು ಮೂರು ಸಲ ಓದಬಹುದು. ಕಾಲ್ ಬೇಡ ಅಂತಲ್ಲ. ಮೊದಲ ಹಂತದವರಿಗೆ ನಿಧಾನವೇ ಅನುಕೂಲ.

ಟ್ಯಾಂಡಮ್: ಇಬ್ಬರು ತುಳಿಯೋ ಸೈಕಲ್

ಕಾಗದದ ಪತ್ರಮೈತ್ರಿ ಇಪ್ಪತ್ತನೇ ಶತಮಾನದುದ್ದಕ್ಕೂ ಬೆಳೀತು. ಫ್ರಾನ್ಸಿನಲ್ಲಿ ಸೆಲೆಸ್ತ್ಯಾಂ ಫ್ರೆನೆ ಅನ್ನೋ ಹಳ್ಳಿ ಮೇಷ್ಟ್ರು 1920ರ ದಶಕದಲ್ಲಿ ಕ್ಲಾಸಿಗೇ ಒಂದು ಚಿಕ್ಕ ಮುದ್ರಣ ಯಂತ್ರ ತಂದು, ಮಕ್ಕಳು ಬರೆದಿದ್ದನ್ನು ಅವರಿಂದಲೇ ಅಚ್ಚು ಹಾಕಿಸಿ, ದೇಶದ ಇನ್ನೊಂದು ತುದಿಯ ಬ್ರಿಟನಿಯ ಶಾಲೆಗೆ ಕಳಿಸ್ತಿದ್ರು. ಅಲ್ಲಿ ಕಲಿತಿದ್ದು ವಿದೇಶಿ ಭಾಷೆಯಲ್ಲ, ಫ್ರೆಂಚೇ. ಆದರೆ ‘ಮಕ್ಕಳು ಬರೆದಿದ್ದಕ್ಕೆ ನಿಜವಾದ ಓದುಗರಿರಬೇಕು’ ಅನ್ನೋ ತತ್ವ ಅಲ್ಲಿಂದ ಬಹಳ ಶಾಲೆಗಳಿಗೆ ಹರಡಿತು. ಫಿನ್ಲೆಂಡಿನ ತುರ್ಕು ಊರಿನಲ್ಲಿ 1952ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಯೂತ್ ಸರ್ವಿಸ್ ಅನ್ನೋ ಸಂಸ್ಥೆ ಪ್ರಪಂಚದ ಎಷ್ಟೋ ದೇಶಗಳ ಹುಡುಗ ಹುಡುಗಿಯರಿಗೆ ಜೋಡಿ ಹುಡುಕಿಕೊಡ್ತಿತ್ತು. ಇಮೇಲ್ ಬಂದಮೇಲೆ ಕೆಲಸ ಕಡಿಮೆಯಾಗಿ 2008ರಲ್ಲಿ ಬಾಗಿಲು ಹಾಕಿತು.

ಐಡಿಯಾ ಮಾತ್ರ ಸಾಯಲಿಲ್ಲ, ಹೆಸರು ಬದಲಾಯ್ತು. 1990ರ ದಶಕದಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಹೆಲ್ಮುಟ್ ಬ್ರಾಮರ್ಟ್ಸ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ದೇಶದ ವಿದ್ಯಾರ್ಥಿಗಳನ್ನು ಇಮೇಲ್ ಮೂಲಕ ಜೋಡಿ ಮಾಡೋ ಜಾಲ ಕಟ್ಟಿದರು. ಇಬ್ಬರು ಕೂತು ತುಳಿಯೋ ಸೈಕಲ್ಲಿಗೆ ಟ್ಯಾಂಡಮ್ ಅಂತಾರಲ್ಲ, ಅದೇ ಹೆಸರು, ಟ್ಯಾಂಡಮ್ ಕಲಿಕೆ. ಇದಕ್ಕೆ ಎರಡೇ ತತ್ವ. ಒಂದು, ಕೊಟ್ಟಷ್ಟು ತಗೋಬೇಕು, ತಗೊಂಡಷ್ಟು ಕೊಡಬೇಕು. ಅರ್ಧ ನಿಮ್ಮ ಭಾಷೆ, ಅರ್ಧ ಅವರ ಭಾಷೆ. ಎರಡು, ಏನು ಕಲೀಬೇಕು, ಹೇಗೆ ತಿದ್ದಬೇಕು ಅನ್ನೋದನ್ನು ಕಲಿಯೋರೇ ನಿರ್ಧರಿಸಬೇಕು, ಯಾಕಂದ್ರೆ ಗೆಳೆಯ ಭಾಷೆ ಬಲ್ಲವನು, ಮೇಷ್ಟ್ರಲ್ಲ. ಮಿಯೆಯ್ ಅವರ ನಿಯಮಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಅಲ್ವಾ?

2005ರಲ್ಲಿ ಯುರೋಪಿಯನ್ ಕಮಿಷನ್ ಇಟ್ವಿನಿಂಗ್ ಅಂತ ಶಾಲೆ ಶಾಲೆಗಳನ್ನು ಜೋಡಿಸೋ ವೇದಿಕೆ ಶುರುಮಾಡಿತು. ಇತ್ತೀಚೆಗೆ ಸ್ಲೋಲಿ ಅನ್ನೋ ಆ್ಯಪ್ ಬಂದಿದೆ. ಅದರಲ್ಲಿ ಬರೆದ ಪತ್ರ ಕೂಡಲೇ ಹೋಗಲ್ಲ, ಇಬ್ಬರ ನಡುವಿನ ದೂರದ ಲೆಕ್ಕ ಹಾಕಿ ಬೇಕಂತಲೇ ತಡ ಮಾಡಿ ತಲುಪಿಸುತ್ತೆ. ಲೇಟೆನ್ಸಿ ಕಡಿಮೆ ಮಾಡೋಕೆ ನಾವು ನೆಟ್‌ವರ್ಕ್ಸ್ ಸಬ್ಜೆಕ್ಟ್ ಓದ್ತಿದ್ರೆ, ಇಲ್ಲಿ ಲೇಟೆನ್ಸಿಯನ್ನೇ ಫೀಚರ್ ಮಾಡಿದ್ದಾರೆ.

ಎಲ್ಲಿ ಕೈ ಕೊಡುತ್ತೆ

ಇಷ್ಟೆಲ್ಲ ಹೇಳಿದ ಮೇಲೆ ತೊಂದರೆಗಳನ್ನೂ ಹೇಳಬೇಕು.

ಎಲ್ಲಕ್ಕಿಂತ ಸಾಮಾನ್ಯ ಸಾವು ಮೂರನೇ ಪತ್ರದಲ್ಲಿ. ಮೊದಲ ಪತ್ರದಲ್ಲಿ ಹೆಸರು, ಊರು, ಹವ್ಯಾಸ. ಎರಡನೇದರಲ್ಲಿ ಇಷ್ಟದ ತಿಂಡಿ, ಇಷ್ಟದ ಸಿನಿಮಾ. ಮೂರನೇದಕ್ಕೆ ವಿಷಯ ಖಾಲಿ. ಇದಕ್ಕೆ ಮದ್ದು, ಇಬ್ಬರೂ ಸೇರಿ ಮಾಡೋ ಒಂದು ಕೆಲಸ ಇಟ್ಟುಕೊಳ್ಳೋದು. ನಿಮ್ಮೂರಲ್ಲಿ ಬಸ್ ಟಿಕೆಟ್ ಹೇಗೆ ಸಿಗುತ್ತೆ, ಮೆಸ್ಸಿನಲ್ಲಿ ಸೋಮವಾರ ಏನು ಹಾಕ್ತಾರೆ, ನಿಮ್ಮ ಅಜ್ಜಿ ಜ್ವರಕ್ಕೆ ಏನು ಕೊಡ್ತಾರೆ, ಹೀಗೆ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಬರೆದು ಹೋಲಿಸೋದು. ‘ಕರ್ನಾಟಕದ ಸಂಸ್ಕೃತಿ’ ಅಂತ ವಿಷಯ ತಗೊಂಡ್ರೆ ಪ್ರಬಂಧ ಆಗುತ್ತೆ. ಮೆಸ್ ಸಾಂಬಾರಿನ ವಿಷಯ ತಗೊಂಡ್ರೆ ಪತ್ರ ಆಗುತ್ತೆ.

ಎರಡನೇದು, ಮಟ್ಟದ ವ್ಯತ್ಯಾಸ. ಒಬ್ಬನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಇನ್ನೊಬ್ಬನಿಗೆ ಜರ್ಮನ್ ಎ1. ಆಗ ಇಬ್ಬರೂ ಇಂಗ್ಲಿಷಿಗೇ ಜಾರ್ತಾರೆ. ಅದಕ್ಕೇ ‘ಅರ್ಧ ಅರ್ಧ’ ನಿಯಮವನ್ನು ಸ್ನೇಹದ ಹೆಸರಲ್ಲಿ ಸಡಿಲ ಮಾಡಬಾರದು. ನಮಗೆ ಇನ್ನೊಂದು ತೊಡಕಿದೆ. ಜರ್ಮನಿಯಲ್ಲಿ ಕನ್ನಡ ಕಲೀಬೇಕು ಅನ್ನೋರು ಸುಲಭಕ್ಕೆ ಸಿಗಲ್ಲ, ಅವರಿಗೆ ನಾವು ಕೊಡಬಹುದಾದ್ದು ಇಂಗ್ಲಿಷ್ ಅಭ್ಯಾಸ. ಹಾಗಿದ್ರೂ ನಡೆಯುತ್ತೆ, ನಿಯಮ ಅದೇ.

ಮೂರನೇದು, ಅತಿ ತಿದ್ದುಪಡಿ. ಗೆಳೆಯ ಹತ್ತು ಸಾಲು ಬರೆದ್ರೆ ಇಪ್ಪತ್ತು ಕೆಂಪು ಗೆರೆ ಹಾಕಿ ಕಳಿಸಿದ್ರೆ ಅವನು ಮತ್ತೆ ಬರೆಯಲ್ಲ. ಮೂರು ನಾಲ್ಕು ತಪ್ಪು ಸಾಕು, ಮತ್ತೆ ಮತ್ತೆ ಬರೋ ತಪ್ಪನ್ನು ಆರಿಸಿ. ಮುಖ್ಯವಾಗಿ, ತಿದ್ದೋದಕ್ಕಿಂತ ಮೊದಲು ಅವನು ಹೇಳಿದ ವಿಷಯಕ್ಕೆ ಉತ್ತರ ಬರೀರಿ. ಅವನ ನಾಯಿ ಸತ್ತಿದೆ ಅಂತ ಬರೆದಿದ್ರೆ ವಿಭಕ್ತಿ ಪ್ರತ್ಯಯ ಆಮೇಲೆ.

ನಾಲ್ಕನೇದು ಆಗ ಇಟ್ಕೊಂಡಿರಿ ಅಂದ ಪ್ರಶ್ನೆ. ಚಾಟ್‌ಜಿಪಿಟಿಯಿಂದ ಜರ್ಮನ್ ಪತ್ರ ಬರೆಸಿ ಕಳಿಸಿದರೆ ಅದು ತಪ್ಪಿಲ್ಲದ ಪತ್ರ. ಆ ಕಡೆಯವರೂ ಅದನ್ನೇ ಮಾಡಿದರೆ ಎರಡು ಸರ್ವರ್‌ಗಳು ಚೆನ್ನಾಗಿ ಜರ್ಮನ್ ಅಭ್ಯಾಸ ಮಾಡಿದ ಹಾಗಾಯ್ತು. ಹತ್ತು ವರ್ಷದ ಹುಡುಗಿಗೆ ಅಪ್ಪ ಸಹಾಯ ಮಾಡಿದ್ದು ಪತ್ರ ಹೋಗಲಿ ಅಂತ. ನಮಗೆ ಬೇಕಿರೋದು ಪತ್ರ ಅಲ್ಲ, ಬರೆಯೋ ಶಕ್ತಿ. ನನ್ನ ಸಲಹೆ: ಮೊದಲು ನೀವೇ ಬರೀರಿ, ಒಂದು ಪದ ಸಿಗದಿದ್ರೆ ಆ ಪದ ಮಾತ್ರ ಹುಡುಕಿ, ಇಡೀ ವಾಕ್ಯ ಕೇಳಬೇಡಿ. ತಪ್ಪು ತಿದ್ದೋ ಕೆಲಸ ಗೆಳೆಯನಿಗೆ ಬಿಡಿ, ಅದಕ್ಕೇ ಅವನಿರೋದು.

ಕೊನೇದು ಸುರಕ್ಷತೆ. ಶಾಲೆಗಳು ಪತ್ರಗಳನ್ನು ಮನೆ ವಿಳಾಸಕ್ಕೆ ತರಿಸದೆ ಶಾಲೆಯ ವಿಳಾಸಕ್ಕೆ ತರಿಸೋದಕ್ಕೆ ಕಾರಣ ಇದೆ. ನಾವೂ ಫೋನ್ ನಂಬರ್, ಮನೆ ವಿಳಾಸ, ಆಧಾರ್, ದುಡ್ಡು ಇವನ್ನು ಪತ್ರದ ಹತ್ತಿರಕ್ಕೂ ತರಬಾರದು. ಮೂರನೇ ಪತ್ರದಲ್ಲೇ ‘ನಿನಗೊಂದು ಗಿಫ್ಟ್ ಕಳಿಸಿದ್ದೀನಿ, ಕಸ್ಟಮ್ಸ್ ಫೀಸ್ ಕಟ್ಟು’ ಅಂದ್ರೆ ಅವನು ಪೆನ್‌ಫ್ರೆಂಡ್ ಅಲ್ಲ, ಪಾಂಜಿಯ ವಂಶಸ್ಥ.

ನಮ್ಮ ಕ್ಯಾಂಪಸ್ಸಿನಲ್ಲಿ

ಜರ್ಮನ್, ಜಪಾನೀಸ್ ಕಲಿಯೋರಿಗೆ ದಾರಿ ಸುಲಭ. ನಿಮ್ಮ ಭಾಷಾ ಕ್ಲಾಸಿನ ಟೀಚರ್‌ನ ಕೇಳಿ, ಅವರ ಪರಿಚಯದಲ್ಲಿ ಆ ದೇಶದ ಶಾಲೆಯೋ ಕಾಲೇಜೋ ಇದ್ದರೆ ಒಂದು ಕ್ಲಾಸಿಗೆ ಒಂದು ಕ್ಲಾಸ್ ಜೋಡಿ ಮಾಡಬಹುದು. ಒಬ್ಬೊಬ್ಬರೇ ಹುಡುಕೋದಕ್ಕಿಂತ ಇದು ಗಟ್ಟಿ, ಯಾಕಂದ್ರೆ ಒಬ್ಬ ಉತ್ತರ ಬರೆಯದಿದ್ರೆ ಕೇಳೋಕೆ ಒಬ್ಬರು ಟೀಚರ್ ಇರ್ತಾರೆ. ಪರೀಕ್ಷೆ ವಾರ ಎರಡೂ ಕಡೆ ಯಾವಾಗ ಅಂತ ಮೊದಲೇ ಹೇಳಿಕೊಳ್ಳಿ. ಇಂಟರ್ನಲ್ಸ್ ಸಮಯದ ಮೌನಕ್ಕೆ ಮುನಿಸು ಅಂತ ಅರ್ಥ ಬರಬಾರದು.

ಆದರೆ ನನಗೆ ಇದಕ್ಕಿಂತ ಹತ್ತಿರದ ಒಂದು ಟ್ಯಾಂಡಮ್ ಕಾಣ್ತಿದೆ. ನಮ್ಮ ಹಾಸ್ಟೆಲ್ಲಿನಲ್ಲಿ ಬಿಹಾರ, ಜಾರ್ಖಂಡ್, ಕೇರಳ, ಆಂಧ್ರದಿಂದ ಬಂದವರಿದ್ದಾರೆ. ವಿಟಿಯು ಅವರಿಗೆ ‘ಬಳಕೆ ಕನ್ನಡ’ ಅಂತ ಒಂದು ಪೇಪರ್ ಇಟ್ಟಿದೆ, ನಮಗೆ ‘ಸಾಂಸ್ಕೃತಿಕ ಕನ್ನಡ’. ಅವರು ಪರೀಕ್ಷೆ ಬರೆದು ಪಾಸಾಗ್ತಾರೆ, ಮಾರನೇ ದಿನ ಆಟೋದವರ ಹತ್ರ ಮತ್ತೆ ‘ಕನ್ನಡ ಗೊತ್ತಿಲ್ಲ’. ಅವರಿಗೂ ಬೇಕಿರೋದು ಉತ್ತರ ಬರೆಯೋ ಒಬ್ಬ ಮನುಷ್ಯ. ನಮ್ಮಲ್ಲಿ ಎಷ್ಟು ಜನರ ಹಿಂದಿ, ಮಲಯಾಳಂ, ತೆಲುಗು ಕೂಡ ಸಿನಿಮಾ ಮಟ್ಟದಲ್ಲೇ ನಿಂತಿದೆ!

ತಿದ್ದುವಾಗ ಇಬ್ಬರಿಗೂ ಮಜಾ ಇದೆ. ಹಿಂದಿಯವನು ‘ಬಸ್ ಬಂದ’ ಅಂತ ಬರೆದ್ರೆ, ಯಾಕೆ ‘ಬಂತು’ ಆಗಬೇಕು ಅಂತ ವಿವರಿಸೋಕೆ ನೀವು ಜೀವನದಲ್ಲಿ ಮೊದಲ ಸಲ ಕನ್ನಡದ ನಪುಂಸಕಲಿಂಗದ ಬಗ್ಗೆ ಯೋಚಿಸ್ತೀರಿ. ನೀವು ಹಿಂದಿಯಲ್ಲಿ ‘ಗಾಡಿ ಆತಾ ಹೈ’ ಅಂತ ಬರೆದ್ರೆ ಅವನು ‘ಆತೀ’ ಅಂತ ತಿದ್ದುತ್ತಾನೆ, ಗಾಡಿ ಯಾಕೆ ಹೆಣ್ಣು ಅಂತ ಕೇಳಿದ್ರೆ ಅವನಿಗೂ ಉತ್ತರ ಗೊತ್ತಿರಲ್ಲ. ‘ನಾನು ಕನ್ನಡ ಬರಲ್ಲ’ ಅನ್ನೋನಿಗೆ ‘ಮುಝೆ ನಹೀ ಆತೀ’ ನೆನಪು ಮಾಡಿದ್ರೆ ಸಾಕು, ‘ನನಗೆ’ ತಾನಾಗೇ ಬರುತ್ತೆ.

ನಡೆಸೋಕೆ ದೊಡ್ಡ ವ್ಯವಸ್ಥೆ ಬೇಡ. ಎಂಟು ವಾರ. ಒಂದು ವಾರ ಕನ್ನಡ ಕಲಿಯೋರು ಕನ್ನಡದಲ್ಲಿ ಬರೀತಾರೆ, ನಾವು ಕನ್ನಡದಲ್ಲೇ ಉತ್ತರಿಸ್ತೀವಿ. ಮುಂದಿನ ವಾರ ಅವರ ಭಾಷೆ. ಅರ್ಧ ಪುಟ, ಕೈಬರಹ, ಫೋಟೋ ಬೇಡ ಕಾಗದಾನೇ. ಲಿಪಿ ಬರದವರು ಮೊದಲೆರಡು ವಾರ ತಮ್ಮ ಲಿಪಿಯಲ್ಲೇ ಕನ್ನಡ ಬರೆಯಲಿ. ಜೋಡಿಯನ್ನು ಬೇರೆ ಬೇರೆ ಬ್ರಾಂಚಿನಿಂದ ಮಾಡಿದ್ರೆ ಒಳ್ಳೇದು, ದಿನಾ ಮುಖ ನೋಡೋರಿಗೆ ಪತ್ರ ಬರೆಯೋಕೆ ಮನಸ್ಸು ಬರಲ್ಲ. ಕನ್ನಡ ಸಂಘದ ಕಡೆಯಿಂದ ಒಂದು ಡಬ್ಬ ಲೈಬ್ರರಿ ಹತ್ರ ಇಟ್ಟರೆ ಅಂಚೆ ಕಚೇರಿ ರೆಡಿ.

ಈ ಸೆಮಿಸ್ಟರ್ ಇದನ್ನ ಶುರುಮಾಡೋಣ ಅಂತ ಸಂಘದ ಮುಂದಿನ ಮೀಟಿಂಗಿನಲ್ಲಿ ಕೇಳ್ತೀನಿ. ಆಸಕ್ತಿ ಇರೋರು, ಮುಖ್ಯವಾಗಿ ಪಕ್ಕದ ರೂಮಿನ ಬೇರೆ ರಾಜ್ಯದವರನ್ನ ಕರ್ಕೊಂಡು ಬರೋರು, ಆವತ್ತು ಬನ್ನಿ. ನನ್ನ ಹೆಸರು ಪಟ್ಟಿಯಲ್ಲಿ ಮೊದಲು ಬರ್ಕೊಳ್ಳಿ. ನನಗೆ ಮಲಯಾಳಂ ಬೇಕು.